ಗರ್ಭಕಂಠದ ಅಳತೆ: ಮೂರು ಬಗೆಯ ಸ್ಕ್ಯಾನ್‌ಗಳ ಹೋಲಿಕೆ

37 ವಾರ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಎಷ್ಟೆಂದು ಅಂದಾಜು ಮಾಡಲು ಗರ್ಭಕಂಠದ (ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗದ) ಉದ್ದವನ್ನು ಹೊಟ್ಟೆಯ ಮೇಲಿನಿಂದ, ಯೋನಿಯ ಒಳಗಿನಿಂದ ಮತ್ತು ಯೋನಿದ್ವಾರದ ಹೊರಗಿನಿಂದ, ಹೀಗೆ ಮೂರು ಬಗೆಯ ಸ್ಕ್ಯಾನ್‌ಗಳಲ್ಲಿಯೂ ನಾನು ಅಳೆದು ನೋಡಿದ್ದೇನೆ. ಗರ್ಭಕಂಠ ಗಿಡ್ಡವಾದಷ್ಟೂ ಆ ಸಂಭವ ಹೆಚ್ಚು. ಬೆರಳಿನ ಪರೀಕ್ಷೆಯನ್ನು ಈ ಸಾಲಿಗೆ ಸೇರಿಸಿಲ್ಲ. ಗರ್ಭಕಂಠದ ಯೋನಿಯ ಕಡೆಗಿನ ಹೊರಬಾಯಿ ಮುಚ್ಚಿಕೊಂಡೇ ಇರುವಾಗ ಗರ್ಭಕೋಶದ ಕಡೆಗಿನ ಒಳಬಾಯಿ ತೆರೆಯತೊಡಗಿದ್ದರೆ ಅದು ಬೆರಳಿಗೆ ಸಿಗುವುದಿಲ್ಲ.

ಹೊಟ್ಟೆಯ ಮೇಲಿನ ಸ್ಕ್ಯಾನ್‌ಗೆ ಗರ್ಭಿಣಿಯರು ಹಿಂಜರಿಯುವುದಿಲ್ಲ, ಸಮಯವೂ ಉಳಿಯುತ್ತದೆ. ಆದರೆ ಗರ್ಭಕಂಠ ಸ್ಪಷ್ಟವಾಗಿ ಕಾಣಲು ಮೂತ್ರಕೋಶ ತುಂಬಿರಬೇಕಾಗುತ್ತದೆ, ತುಂಬಿದ ಮೂತ್ರಕೋಶವೇ ಗರ್ಭಕಂಠವನ್ನು ಒತ್ತಿ ಇದ್ದುದಕ್ಕಿಂತ ಉದ್ದವಾಗಿ ತೋರಿಸುತ್ತದೆ. ಹೀಗೆ 35 ಮಿ.ಮೀ. ಎಂದು ಬರೆದುಕೊಂಡ ಒಬ್ಬರನ್ನು ಮೂತ್ರ ವಿಸರ್ಜಿಸಿ ಬರಲು ಹೇಳಿ, ಯೋನಿಯ ಮೂಲಕ ಮತ್ತೆ ನೋಡಿದಾಗ ಸಿಕ್ಕಿದ್ದು 22 ಮಿ.ಮೀ. ಮಾತ್ರ. ಗಿಡ್ಡವಾಗಿರುವುದನ್ನು ಉದ್ದವೆಂದು ತೋರಿಸುವ ಈ ದೋಷ, ನಾವು ಹುಡುಕುತ್ತಿರುವ ಅಪಾಯವನ್ನೇ ಮರೆಮಾಡುವುದರಿಂದ, ಸಣ್ಣದೆಂದು ಬಿಟ್ಟುಬಿಡುವಂಥದ್ದಲ್ಲ.

ಯೋನಿಯ ಒಳಗಿನ ಸ್ಕ್ಯಾನ್‌ನಲ್ಲಿ ಪ್ರೋಬ್ (ಸ್ಕ್ಯಾನ್ ಮಾಡುವ ಕೈಉಪಕರಣ) ಗರ್ಭಕಂಠದ ಹತ್ತಿರವೇ ಇರುವುದರಿಂದ ಒಳಬಾಯಿ, ಹೊರಬಾಯಿ ಮತ್ತು ಅವುಗಳ ನಡುವಿನ ನಾಳ ಒಂದೇ ಚಿತ್ರದಲ್ಲಿ ಸಿಗುತ್ತವೆ. ಒಳಬಾಯಿ ಆಲಿಕೆಯಂತೆ ತೆರೆದುಕೊಂಡಿದ್ದರೆ ಮುಚ್ಚಿರುವ ಭಾಗವನ್ನಷ್ಟೇ ಅಳೆಯಬೇಕು. ಇಲ್ಲಿ ತಪ್ಪಾದರೆ ಅದು ಬಹುಮಟ್ಟಿಗೆ ಕೈಯ ತಪ್ಪು: ಪ್ರೋಬನ್ನು ಸ್ವಲ್ಪ ಜೋರಾಗಿ ಒತ್ತಿದರೂ ಗರ್ಭಕಂಠ ಉದ್ದವಾಗಿ ಕಾಣುತ್ತದೆ, ಆದ್ದರಿಂದ ಅದರ ಮುಂದಿನ ಮತ್ತು ಹಿಂದಿನ ತುಟಿಗಳು ಸಮ ದಪ್ಪವಾಗಿ ಕಾಣುವವರೆಗೂ ಕೈ ಸಡಿಲಿಸುತ್ತೇನೆ. ಗರ್ಭಕಂಠ ನಿಮಿಷಗಳ ಅಂತರದಲ್ಲೇ ಬದಲಾಗಬಲ್ಲದಾದ್ದರಿಂದ ಮೂರರಿಂದ ಐದು ನಿಮಿಷ ಕಾದು, ಮೂರು ಬಾರಿ ಅಳೆದು, ಸರಿಯಾಗಿ ತೆಗೆದ ಚಿತ್ರಗಳಲ್ಲಿ ಅತಿ ಕಡಿಮೆ ಬಂದದ್ದನ್ನು ದಾಖಲಿಸುತ್ತೇನೆ. ಅವಸರದಲ್ಲಿ ಮಾಡುವುದಾದರೆ ಈ ವಿಧಾನದ ಮೇಲುಗೈಯೆಲ್ಲ ಹೋಯಿತೆಂದೇ ಲೆಕ್ಕ.

24 ವಾರಗಳೊಳಗೆ ಅಳತೆ 25 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಿಡ್ಡ ಗರ್ಭಕಂಠವೆಂದು ಪರಿಗಣಿಸಿ, ಯೋನಿಯಲ್ಲಿ ಇಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಔಷಧಿ ಕುರಿತು ಮಾತನಾಡುತ್ತೇವೆ. ಹಾಗೆಂದು ಅಂಥವರೆಲ್ಲರಿಗೂ ಬೇಗ ಹೆರಿಗೆಯಾಗುವುದಿಲ್ಲ. ಗಿಡ್ಡ ಗರ್ಭಕಂಠವಿದ್ದೂ ದಿನ ತುಂಬಿ ಹೆತ್ತವರು ಹಲವರು. ಉದ್ದ ಚೆನ್ನಾಗಿದೆ ಎಂಬ ಫಲಿತಾಂಶ ಕೊಡುವ ಧೈರ್ಯವೇ ನನ್ನ ಅನುಭವದಲ್ಲಿ ಈ ಪರೀಕ್ಷೆಯ ಹೆಚ್ಚು ನಂಬಬಹುದಾದ ಭಾಗ.

ಯೋನಿದ್ವಾರದ ಹೊರಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಒತ್ತಡದ ತೊಂದರೆಯಿಲ್ಲ, ಆದರೆ ಗುದನಾಳದ ಗಾಳಿ ಚಿತ್ರದಲ್ಲಿ ಹೊರಬಾಯಿಯನ್ನು ಆಗಾಗ ಮರೆಮಾಡಿಬಿಡುತ್ತದೆ. ಒಳಗಿನ ಸ್ಕ್ಯಾನ್ ಬೇಡವೆನ್ನುವವರಿಗೆ ಇದನ್ನೇ ಮಾಡುತ್ತೇನೆ. ಸೊಂಟದ ಕೆಳಗೆ ದಿಂಬಿಟ್ಟು ಎತ್ತರಿಸಿದರೆ ಚಿತ್ರ ಎಷ್ಟೋ ಸಲ ತಿಳಿಯಾಗುತ್ತದೆ.