ಘಟ್ಟದ ದಾರಿಯವರು ಮುಂದಿನ ಸ್ಪ್ರಾಕೆಟ್ ಬದಲಿಸುವ ಮುನ್ನ

ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಬಹುಪಾಲು ಚತುಷ್ಪಥವಾದ ಮೇಲೆ, ದೂರ ಪ್ರಯಾಣದ ಬೈಕು ಇಟ್ಟುಕೊಂಡಿರುವ ನಮ್ಮ ಜಿಲ್ಲೆಯ ಹಲವರು ಚೈನನ್ನು ಎಳೆಯುವ ಎಂಜಿನ್ ಬದಿಯ ಹಲ್ಲುಚಕ್ರಕ್ಕೆ, ಅಂದರೆ ಮುಂದಿನ ಸ್ಪ್ರಾಕೆಟ್‌ಗೆ ಒಂದೆರಡು ಹಲ್ಲು ಹೆಚ್ಚಿಸಿಕೊಂಡರೆ ಎಂಜಿನ್ ನಿರಾಳವಾಗಿ ಓಡುತ್ತದೆ ಎಂದು ಮಾತನಾಡುವುದನ್ನು ಕೇಳುತ್ತಿದ್ದೇನೆ. ಆ ಮಾತನ್ನು ನಂಬಿ ನಾನೂ ಬದಲಿಸಿಕೊಂಡೆ. ಅದರಿಂದ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ನನಗೂ ಹಿಂದೆ ಕುಳಿತಿದ್ದ ನನ್ನ ಹೆಂಡತಿಗೂ ಒದಗಿದ ಸ್ಥಿತಿ ಮತ್ತೊಬ್ಬರಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಒಂಟಿ ಸಿಲಿಂಡರಿನ, ಐದು ಗೇರಿನ ಟೂರಿಂಗ್ ಬೈಕು. ಕಂಪನಿಯಿಂದ ಬಂದಾಗ ಮುಂದೆ 15, ಹಿಂದೆ 38 ಹಲ್ಲುಗಳಿದ್ದವು. ಶಿರಸಿಯ ಒಂದು ಗ್ಯಾರೇಜಿನಲ್ಲಿ ಮುಂದಿನದನ್ನು ತೆಗೆದು 17 ಹಲ್ಲಿನದನ್ನು ಹಾಕಿಸಿದೆ. "ಎರಡೇ ಹಲ್ಲು ಸರ್, ಎಂತ ಆಗೂದಿಲ್ಲ, ಹೈವೇಲಿ ಆರಾಮ ಓಡ್ತದೆ" ಎಂದು ಅವರು ಹೇಳಿದ್ದನ್ನು ನಾನು ಲೆಕ್ಕ ಹಾಕಿ ನೋಡಲಿಲ್ಲ. ಲೆಕ್ಕ ಸುಲಭದ್ದೇ ಇತ್ತು. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿದರೆ ಮೊದಲು 2.53 ಇದ್ದ ಅನುಪಾತ 2.24ಕ್ಕೆ ಇಳಿದಿತ್ತು, ಅಂದರೆ ಅದೇ ವೇಗದಲ್ಲಿ ಎಂಜಿನ್ನಿನ ಸುತ್ತು ಸುಮಾರು ಶೇಕಡಾ 12ರಷ್ಟು ಕಡಿಮೆ. ಆದರೆ ಹಿಂದಿನ ಚಕ್ರಕ್ಕೆ ಸಿಗುವ ಎಳೆತವೂ ಅಷ್ಟೇ ಕಡಿಮೆಯಾಗುತ್ತದೆ, ಅದೂ ಐದನೇ ಗೇರಿನಲ್ಲಿ ಮಾತ್ರವಲ್ಲ, ಮೊದಲನೆಯದರಿಂದ ಹಿಡಿದು ಪ್ರತಿಯೊಂದು ಗೇರಿನಲ್ಲೂ. ಘಟ್ಟದ ದಾರಿಯಲ್ಲಿ ಓಡಾಡುವವರಿಗೆ ಈ ಎರಡನೆಯ ಸಂಗತಿಯೇ ಮುಖ್ಯ.

ಮರುದಿನ ಬೆಳಿಗ್ಗೆ ಕಾರವಾರಕ್ಕೆ ಹೊರಟಾಗ ಮೊದಲ ಸೂಚನೆ ಸಿಕ್ಕಿತ್ತು. ದೇವಿಮನೆಯಿಂದ ಕತಗಾಲದ ಕಡೆಗೆ ಇಳಿಯುವಾಗ ನಾನು ಯಾವಾಗಲೂ ಎರಡನೇ ಗೇರಿನಲ್ಲೇ ಬಿಡುತ್ತೇನೆ, ಬ್ರೇಕಿಗೆ ಕೆಲಸ ಬರುವುದು ತಿರುವುಗಳಲ್ಲಿ ಮಾತ್ರ. ಅಂದು ಅದೇ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿದುಕೊಳ್ಳಲೇ ಇಲ್ಲ, ಗಾಡಿ ತಾನಾಗಿ ಮುಂದೆ ಮುಂದೆ ಜಾರುತ್ತಿತ್ತು, ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಬ್ರೇಕ್ ಪ್ಯಾಡ್ ಕಾದ ವಾಸನೆ ಬರತೊಡಗಿತ್ತು. ದೀವಗಿಯ ಬಳಿ ಹೆದ್ದಾರಿ ಸಿಕ್ಕ ಮೇಲೆ ಗಾಡಿ ಎಷ್ಟು ನಯವಾಗಿ ಓಡಿತೆಂದರೆ ಆ ವಾಸನೆಯನ್ನು ನಾನು ಮರೆತೇಬಿಟ್ಟೆ. ಅಂಕೋಲಾ ದಾಟಿದ ಮೇಲೆ ಸಮುದ್ರದ ಕಡೆಯಿಂದ ಎದುರುಗಾಳಿ ಬೀಸಿದಾಗ ಐದನೇ ಗೇರಿನಲ್ಲಿ ವೇಗ ನಿಲ್ಲದೆ ಮತ್ತೆ ಮತ್ತೆ ನಾಲ್ಕಕ್ಕೆ ಇಳಿಯಬೇಕಾಯಿತು. ಯಾವ ಗೇರಿನ ಸುಖಕ್ಕಾಗಿ ಹಣ ಕೊಟ್ಟಿದ್ದೆನೋ ಆ ಗೇರೇ ಅರ್ಧ ದಾರಿಯಲ್ಲಿ ಬಳಕೆಗೆ ಬರಲಿಲ್ಲ.

ಸಂಜೆ ಹಿಂದಿರುಗುವಾಗ ಮಳೆ ಹನಿಯುತ್ತಿತ್ತು. ಎರಡೂ ಬದಿಯ ಚೀಲಗಳಲ್ಲಿ ಸಾಮಾನು ತುಂಬಿತ್ತು. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆಗಳಲ್ಲಿ ಕೆಂಪು ಮಣ್ಣು ಡಾಂಬರಿನ ಮೇಲೆ ಹರಿದು ಬಂದಿತ್ತು. ಏರಿನ ಒಂದು ಹಿಮ್ಮುರಿ ತಿರುವಿನಲ್ಲಿ ಮುಂದಿನ ಲಾರಿ ನಿಂತಿತು, ನಾನೂ ನಿಂತೆ. ಲಾರಿ ಹೊರಟ ಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಆಫ್ ಆಯಿತು. ಮತ್ತೆ ಶುರು ಮಾಡಿ, ಆಕ್ಸಿಲರೇಟರ್ ಹೆಚ್ಚಿಸಿ, ಅರ್ಧ ಕ್ಲಚ್ಚಿನಲ್ಲೇ ಎಳೆಸುತ್ತಾ ಆ ತಿರುವನ್ನೂ ಅದರ ಮೇಲಿನದನ್ನೂ ದಾಟಿದೆ. ಮೂರನೆಯ ತಿರುವಿನಲ್ಲಿ ಲಾರಿ ಪುನಃ ನಿಂತಿತು. ಈ ಬಾರಿ ಎಂಜಿನ್ ಕೂಗಿಕೊಂಡಿತೇ ಹೊರತು ಗಾಡಿ ಅಲುಗಲಿಲ್ಲ, ಕಾಲ ಕೆಳಗಿನಿಂದ ಸುಟ್ಟ ವಾಸನೆ ಬಂತು, ಮುಂದಿನ ಬ್ರೇಕ್ ಹಿಡಿದಿದ್ದರೂ ಮಣ್ಣಿನ ಮೇಲೆ ಚಕ್ರ ಜಾರಿ ಗಾಡಿ ಹಿಂದಕ್ಕೆ ಸರಿಯತೊಡಗಿತು. ಹಿಂದೆ ಬರುತ್ತಿದ್ದ ಟೆಂಪೊದ ಚಾಲಕ ದೂರದಲ್ಲೇ ನಿಲ್ಲಿಸಿ, ಇಳಿದು ಬಂದು ಕ್ಯಾರಿಯರ್ ಹಿಡಿಯದಿದ್ದರೆ ನಾವಿಬ್ಬರೂ ಗಾಡಿಯ ಸಮೇತ ಚರಂಡಿಗೆ ಬೀಳುತ್ತಿದ್ದೆವು. ಹೆಂಡತಿಯನ್ನು ಅದೇ ಟೆಂಪೊದಲ್ಲಿ ಶಿರಸಿಗೆ ಕಳಿಸಿ, ನಾನು ಗಾಡಿಯನ್ನು ತಿರುಗಿಸಿಕೊಂಡು ಕತಗಾಲಕ್ಕೆ ಇಳಿದೆ. ಅಲ್ಲಿಂದ ಪಿಕಪ್ ವಾಹನದಲ್ಲಿ ಕುಮಟಾಕ್ಕೆ ಸಾಗಿಸಿದ್ದಾಯಿತು.

ಕುಮಟಾದ ಹಿರಿಯ ಮೆಕ್ಯಾನಿಕ್ ಒಬ್ಬರು ಮರುದಿನ ಗಾಡಿ ಬಿಚ್ಚಿದಾಗ ಕಂಡ ಸಂಗತಿಗಳನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅನುಪಾತದ ತಪ್ಪಿನ ಜೊತೆಗೆ ಜೋಡಣೆಯ ತಪ್ಪೂ ಸೇರಿಕೊಂಡಿತ್ತು. ಕ್ಲಚ್ಚಿನ ಉಕ್ಕಿನ ಪ್ಲೇಟುಗಳು ಕಾದು ನೀಲಿಗಟ್ಟಿದ್ದವು. ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳದ ಒಳಮೈಯಲ್ಲಿ ಚೈನು ಸವರಿ ಸವರಿ ಬೆಳ್ಳಗೆ ಹೊಳೆಯುವ, ಬಿದಿಗೆ ಚಂದ್ರನಂಥ ಗೀರು ಬಿದ್ದಿತ್ತು. ಅದರ ಹಿಂದಿನ ಆಯಿಲ್ ಸೀಲಿನಿಂದ ಎಣ್ಣೆ ಜಿನುಗಿ ಕೆಂಪು ಮಣ್ಣಿನೊಂದಿಗೆ ಕಲಸಿಕೊಂಡಿತ್ತು. ಅವರು ಚೈನನ್ನು ಬೆರಳಿನಿಂದ ಮೇಲಕ್ಕೆತ್ತಿ ನೋಡಿ, "ಇಷ್ಟು ಬಿಗಿ ಮಾಡಿದ್ದು ಯಾರು ತಮ್ಮಾ? ಇದು ಬೇರಿಂಗನ್ನೇ ಎಳೀತದೆ" ಎಂದರು.

ಬಿಗಿಯಾದದ್ದು ಹೀಗೆ. ನನ್ನ ಬೈಕಿನ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ 15.875 ಮಿಲಿಮೀಟರ್ ಅಂತರ. ಆ ಅಳತೆಗೆ 15 ಹಲ್ಲಿನ ಸ್ಪ್ರಾಕೆಟ್ಟಿಗಿಂತ 17 ಹಲ್ಲಿನದು ವ್ಯಾಸದಲ್ಲಿ 10 ಮಿಲಿಮೀಟರ್ ದೊಡ್ಡದು, ಅಂದರೆ ಸುತ್ತಲೂ 5 ಮಿಲಿಮೀಟರ್ ಜಾಗ ಹೆಚ್ಚು ಬೇಕು. ಮುಚ್ಚಳ ಸವೆದದ್ದು ಅದಕ್ಕೇ. ಇನ್ನು ಚೈನು ಸ್ಪ್ರಾಕೆಟ್ಟಿನ ಸುಮಾರು ಅರ್ಧ ಸುತ್ತನ್ನು ಬಳಸುವುದರಿಂದ ಎರಡು ಹಲ್ಲು ಹೆಚ್ಚಾದರೆ ಒಂದು ಪಿನ್ನಂತರದಷ್ಟು ಚೈನು ಅಲ್ಲಿಯೇ ಖರ್ಚಾಗುತ್ತದೆ, ಹಾಗಾಗಿ ಹಿಂದಿನ ಆಕ್ಸಲ್ ಸುಮಾರು 8 ಮಿಲಿಮೀಟರ್ ಮುಂದೆ ಬರಬೇಕಾಗುತ್ತದೆ. ನನ್ನ ಚೈನು ಹೊಸದಿದ್ದುದರಿಂದ ಆಕ್ಸಲ್ ಮೊದಲೇ ಮುಂದಿತ್ತು, ಸರಿಯಲು ಅಷ್ಟು ಜಾಗವಿರಲಿಲ್ಲ. ಉದ್ದದ ಚೈನು ತರಿಸಬೇಕಾದಲ್ಲಿ ಇದ್ದುದನ್ನೇ ಎಳೆದು ಕೂರಿಸಿದ್ದರು. ಖಾಲಿ ಗಾಡಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಇಬ್ಬರು ಕುಳಿತು ಸಸ್ಪೆನ್ಷನ್ ತಗ್ಗಿದಾಗ ಮುಂದಿನ ಸ್ಪ್ರಾಕೆಟ್ಟಿನ ಶಾಫ್ಟ್, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲು ಮತ್ತು ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬರುತ್ತವೆ, ಆ ಕ್ಷಣದಲ್ಲಿ ಚೈನು ಅತ್ಯಂತ ಬಿಗಿಯಾಗಿರುತ್ತದೆ. ಪ್ರತಿ ಹೊಂಡದಲ್ಲೂ ಅದು ಗೇರ್‌ಬಾಕ್ಸಿನ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತಿತ್ತು. ಇದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಇನ್ನೊಂದು: ಸ್ಪ್ರಾಕೆಟ್ ಸಡಿಲವಾಗದಂತೆ ತಡೆಯುವ ಲಾಕ್ ವಾಷರಿನ ಅಂಚನ್ನು ಮಡಚಿರಲೇ ಇಲ್ಲ. ಓಡುವಾಗ ಆ ನಟ್ಟು ಬಿಚ್ಚಿ ಸ್ಪ್ರಾಕೆಟ್ ಕಳಚಿದ್ದರೆ ಚೈನು ಸುತ್ತಿಕೊಂಡು ಹಿಂದಿನ ಚಕ್ರ ಅಲ್ಲಿಯೇ ಕಟ್ಟಿಕೊಳ್ಳುತ್ತಿತ್ತು.

ಕ್ಲಚ್ ಪ್ಲೇಟ್, ಸೀಲ್, ಚೈನ್ ಸ್ಪ್ರಾಕೆಟ್ ಕಿಟ್ ಮತ್ತು ಕೂಲಿ ಸೇರಿ ಸುಮಾರು 11,000 ರೂಪಾಯಿ ಖರ್ಚಾಯಿತು. ಶಿರಸಿಯ ಗ್ಯಾರೇಜಿನವರು ತಮ್ಮ ತಪ್ಪೇನೂ ಇಲ್ಲವೆಂದರು.

ಹೊನ್ನಾವರ, ಅಂಕೋಲಾ, ಕಾರವಾರದ ಬಯಲಿನಲ್ಲೇ ಓಡಾಡುವವರು ಬದಲಾವಣೆ ಬೇಕೇ ಬೇಕೆಂದರೆ ಒಂದು ಹಲ್ಲಿಗಿಂತ ಮುಂದೆ ಹೋಗಬೇಡಿ; ನನ್ನಂಥ ಗಾಡಿಯಲ್ಲಿ ಆ ಒಂದೇ ಹಲ್ಲಿನಿಂದ ಎಳೆತ ಶೇಕಡಾ 6ರಷ್ಟು ಇಳಿಯುತ್ತದೆ. ಮುಚ್ಚಳದೊಳಗೆ ಜಾಗವಿದೆಯೇ, ಆಕ್ಸಲ್ ಸರಿಯಲು ಎಡೆಯಿದೆಯೇ ಎಂಬುದನ್ನು ಹಳೆಯದನ್ನು ಬಿಚ್ಚುವ ಮೊದಲೇ ಅಳೆಸಿ. ಕೆಲಸ ಮುಗಿದ ಮೇಲೆ ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಚೈನಿನ ಸಡಿಲ ನೋಡಿ, ಲಾಕ್ ವಾಷರ್ ಮಡಚಿದ್ದನ್ನು ನಿಮ್ಮ ಕಣ್ಣಾರೆ ಕಂಡ ಮೇಲಷ್ಟೇ ಮುಚ್ಚಳ ಹಾಕಲು ಬಿಡಿ. ಅರಬೈಲ್, ದೇವಿಮನೆ, ಅಣಶಿ ಘಟ್ಟಗಳನ್ನು ಸಾಮಾನು ಹೇರಿಕೊಂಡು ಹತ್ತಿ ಇಳಿಯುವವರು ಕಂಪನಿ ಕೊಟ್ಟ ಹಲ್ಲುಗಳನ್ನೇ ಉಳಿಸಿಕೊಳ್ಳಿ. ನನ್ನ ಗಾಡಿಯಲ್ಲಿ ಈಗ ಮತ್ತೆ 15 ಹಲ್ಲಿನದೇ ಇದೆ, ಕಳೆದ ವಾರ ಅದೇ ಘಟ್ಟವನ್ನು ಇಬ್ಬರೂ ಎರಡನೇ ಗೇರಿನಲ್ಲಿ ಇಳಿದೆವು, ಬ್ರೇಕಿನ ವಾಸನೆ ಬರಲಿಲ್ಲ.