ದಾವಣಗೆರೆಯ ಒಂದು ಇಂಗ್ಲಿಷ್ ತರಗತಿ ಮತ್ತು ‘ಲೇಟ್’ ಎಂಬ ಪದ

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ನಡೆಯುವ ಇಂಗ್ಲಿಷ್ ತರಗತಿಯೊಂದಕ್ಕೆ ಮೂರು ತಿಂಗಳು ಹೋಗಿದ್ದೇನೆ. ಅಲ್ಲಿನ ಬೋಧನೆಯ ಗುಣಮಟ್ಟವನ್ನು ತಿಳಿಸಲು ‘ಲೇಟ್’ ಎಂಬ ಒಂದೇ ಗುಣವಾಚಕದ ಪಾಠ ಸಾಕು. ಬಸ್ಸು ತಡವಾದರೂ ಲೇಟ್, ಲಗ್ನಪತ್ರಿಕೆಯಲ್ಲಿ ತೀರಿಕೊಂಡ ಅಜ್ಜನ ಹೆಸರಿನ ಮುಂದೆಯೂ ಲೇಟ್ ಎಂದು ನಾವು ಬಳಸುತ್ತಲೇ ಬಂದಿದ್ದೇವೆ. ಆದರೆ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು ವಾಕ್ಯದಲ್ಲಿ ಆ ಪದ ನಿಲ್ಲುವ ಜಾಗ ಎಂಬುದನ್ನು ನನಗೆ ಮೊದಲು ತಿಳಿಸಿದವರು ಇಲ್ಲಿನ ಅಧ್ಯಾಪಕಿ. ‘ದಿವಂಗತ’ ಎಂಬ ಅರ್ಥದಲ್ಲಿ ಅದು ನಾಮಪದಕ್ಕೆ ಮೊದಲೇ, ಸಾಮಾನ್ಯವಾಗಿ ‘ದಿ’ ಅಥವಾ ‘ಮೈ’ಯಂಥ ಪದದ ಬೆನ್ನಿಗೆ ಬರಬೇಕು, ‘ಹಿ ಈಸ್ ಲೇಟ್’ ಎಂದರೆ, ಪ್ರಮಾಣಿತ ಬಳಕೆಯಲ್ಲಿ, ಆತ ತಡಮಾಡಿದ್ದಾನೆ ಎಂದಷ್ಟೇ ಅರ್ಥ. ಶತಮಾನದ ಮಾತು ಬಂದಾಗ, ‘ಲೇಟ್ 19ನೇ ಶತಮಾನ’ವೆಂದರೆ ಅದರ ಕೊನೆಯ ಭಾಗ. ‘ಲೇಟ್ಲಿ’ ಎಂಬುದಕ್ಕೆ ‘ತಡವಾಗಿ’ ಎಂಬ ಅರ್ಥವಿಲ್ಲ, ಅದು ‘ಇತ್ತೀಚೆಗೆ’ ಎಂದು ತಿಳಿದಾಗ, ನಾನು ಕಚೇರಿಗೆ ಬರೆದಿದ್ದ ಎಷ್ಟೋ ಪತ್ರಗಳು ನೆನಪಾಗಿ ಮನಸ್ಸಿಗೆ ನೋವಾಯಿತು. ಮುದ್ರಿತ ಟಿಪ್ಪಣಿ ಕೊಡದಿರುವುದು ಕೊರತೆಯೇ ಸರಿ. ಆದರೂ ಪ್ರತಿ ಪದಕ್ಕೂ ನಮ್ಮಿಂದಲೇ ಐದಾರು ವಾಕ್ಯ ಬರೆಸಿ, ಪ್ರತಿಯೊಬ್ಬರದನ್ನೂ ಓದಿ ತಿದ್ದುವ ಅವರ ತಾಳ್ಮೆಗಾಗಿ, ಪದವಿ ವಿದ್ಯಾರ್ಥಿಗಳಿಗೆ ಈ ತರಗತಿಯನ್ನು ಮನಸಾರೆ ಸೂಚಿಸುತ್ತೇನೆ.