ವೀಸಾ ಫಾರ್ಮ್ ಏಜೆಂಟ್ ಕೈಗೆ ಕೊಟ್ಟು ನಾವು ಕಳಕೊಂಡಿದ್ದು

ಅಕ್ಕನ ಬಾಣಂತನಕ್ಕೆ ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕಳಿಸಬೇಕಿತ್ತು. ವೀಸಾಕ್ಕೆ ಮೊದಲು ಡಿಎಸ್-160 ಅನ್ನೋ ಆನ್‌ಲೈನ್ ಫಾರ್ಮ್ ತುಂಬಬೇಕು. 20 ನಿಮಿಷ ಕೈ ಆಡಿಸದೆ ಬಿಟ್ಟರೆ ಅದು ತಾನೇ ಮುಚ್ಚಿಕೊಳ್ಳುತ್ತೆ. ಎರಡು ಸಲ ಹಾಗಾದ ಮೇಲೆ ತಾಳ್ಮೆ ಕೆಟ್ಟು, ಮನೆ ಹತ್ತಿರದ ಏಜೆಂಟ್‌ಗೆ ಮೂರೂವರೆ ಸಾವಿರ ಕೊಟ್ಟು ಎರಡೂ ಪಾಸ್‌ಪೋರ್ಟ್ ಒಪ್ಪಿಸಿ ಬಂದೆ. ಮೊದಲ ತಪ್ಪು ನನ್ನದೇ.

ಸಂಜೆಗೇ ಕನ್ಫರ್ಮೇಶನ್ ಪುಟ ವಾಟ್ಸಾಪ್‌ಗೆ ಬಂತು. ಫೋಟೊ, ಬಾರ್‌ಕೋಡ್ ನೋಡಿ ಕೆಲಸ ಮುಗೀತು ಅಂದುಕೊಂಡೆವು. ಆ ಪುಟದಲ್ಲಿ ಹೆಸರು, ಹುಟ್ಟಿದ ದಿನ ಇಂಥವು ಇರುತ್ತವೆಯೇ ಹೊರತು ಒಳಗಿನ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟಿದ್ದಾರೆ ಅನ್ನೋದು ಇರಲ್ಲ.

ಅಮ್ಮನ ಹೆಸರು ಕಣ್ಣಿಗೆ ಬಿದ್ದಿದ್ದು ವಾರ ಕಳೆದ ಮೇಲೆ. ಪಾಸ್‌ಪೋರ್ಟಲ್ಲಿ ಅವರ ಸರ್‌ನೇಮ್ ಜಾಗ ಖಾಲಿ; ನಮ್ಮ ಕಡೆ ಆ ಕಾಲದವರು ಬಹಳ ಜನರದ್ದು ಹೀಗೇ. ಅಂಥವರು ಇರುವ ಹೆಸರನ್ನು ಸರ್‌ನೇಮ್ ಕಾಲಮ್ಮಿಗೆ ಹಾಕಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಅಂತ ಬರೀಬೇಕು. ಏಜೆಂಟ್ ಅಪ್ಪನ ಹೆಸರನ್ನೇ ಅಮ್ಮನ ಸರ್‌ನೇಮ್ ಮಾಡಿಬಿಟ್ಟಿದ್ದ. "ಗಂಡನ ಹೆಸರಲ್ವಾ ಸಾರ್, ಏನೂ ಆಗಲ್ಲ" ಅಂದ.

ಸಬ್ಮಿಟ್ ಆದ ಫಾರ್ಮ್ ತಿದ್ದೋಕಾಗಲ್ಲ, ಅದರ ಮಾಹಿತಿ ಎಳೆದುಕೊಂಡು ಹೊಸದು ಮಾಡಬೇಕು. ಅದಕ್ಕೆ ಅಪ್ಲಿಕೇಶನ್ ಐಡಿ ಜೊತೆಗೆ ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಕೊಡಬೇಕು: ನಿಮ್ಮ ತಾಯಿಯ ತಾಯಿಯ ಹೆಸರೇನು? ಅಮ್ಮ ತಮ್ಮ ಅಜ್ಜಿಯ ಹೆಸರನ್ನು ನಾಲ್ಕು ಸ್ಪೆಲಿಂಗಲ್ಲಿ ಹಾಕಿಸಿದರು, ತೆರೆಯಲಿಲ್ಲ. ಆಮೇಲೆ ಗೊತ್ತಾಯ್ತು, ಏಜೆಂಟ್ ಎಲ್ಲ ಗಿರಾಕಿಗಳಿಗೂ ಹಾಕೋದು ಒಂದೇ ಉತ್ತರ: 'ಬೆಂಗಳೂರು'. ಹೊಸ ಫಾರ್ಮಿಗೆ ಹೊಸ ನಂಬರ್ ಬರುತ್ತೆ, ಅದನ್ನು ಅಪಾಯಿಂಟ್‌ಮೆಂಟಲ್ಲೂ ಬದಲಿಸಬೇಕು. ಈ ಗಡಿಬಿಡಿಯಲ್ಲಿ ಅಪ್ಪನ ಫಾರ್ಮ್ ತೆಗೆದು ನೋಡಲೇ ಇಲ್ಲ.

ಚೆನ್ನೈಗೆ ಹೋದೆವು. ಒಂದು ದಿನ ಬೆರಳಚ್ಚು, ಮರುದಿನ ಇಂಟರ್‌ವ್ಯೂ. ಹಿಂದೆ ಯಾವಾಗಲಾದರೂ ಅರ್ಜಿ ಹಾಕಿದ್ದಿರಾ ಅಂತ ಕೌಂಟರಿನಲ್ಲಿ ಅಪ್ಪನನ್ನು ಕೇಳಿದರಂತೆ. ಅಪ್ಪ ಇದ್ದದ್ದು ಹೇಳಿದರು: "2009ರಲ್ಲಿ ಹಾಕಿದ್ದೆ, ಕೊಡಲಿಲ್ಲ." ಮತ್ತೆ ಫಾರ್ಮಲ್ಲಿ, ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಅನ್ನೋ ಪ್ರಶ್ನೆಗೆ 'ನೋ' ಅಂತ ಯಾಕಿದೆ? ಮೂವತ್ತು ವರ್ಷ ಮೇಷ್ಟ್ರಾಗಿದ್ದ ಮನುಷ್ಯ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದರು ಅಂತ ಅಮ್ಮ ಈಗಲೂ ಹೇಳ್ತಾರೆ. ಐದು ನಿಮಿಷದಲ್ಲಿ ಇಬ್ಬರ ಕೈಗೂ 214(ಬಿ) ಚೀಟಿ, ಅಂದರೆ ವೀಸಾ ಇಲ್ಲ ಅಂತ. ತಲಾ 185 ಡಾಲರ್ ಶುಲ್ಕ ವಾಪಸ್ ಬರಲ್ಲ.

ಅಷ್ಟಕ್ಕೇ ಬಿಟ್ಟರಲ್ಲ, ಅದು ನಮ್ಮ ಪುಣ್ಯ. ಬೇಕಂತಲೇ ಸುಳ್ಳು ಹೇಳಿದ್ದಾರೆ ಅಂತ ತೀರ್ಮಾನವಾದರೆ ಜೀವನಪೂರ್ತಿ ವೀಸಾ ಬಂದ್ ಆಗಬಹುದು. ಏಜೆಂಟ್ ತುಂಬಿದ್ದು ಅನ್ನೋ ಮಾತು ಅಲ್ಲಿ ನಡೆಯಲ್ಲ. ಫಾರ್ಮ್ ತುಂಬಲು ಯಾರಾದರೂ ನೆರವಾದರೇ ಅಂತಲೂ ಒಂದು ಪ್ರಶ್ನೆ ಇದೆ, ಅದಕ್ಕೂ ಈ ಪುಣ್ಯಾತ್ಮ 'ನೋ' ಹಾಕಿದ್ದ! ಕೇಳಿದರೆ, "ಆ ಪುಟಗಳಿಗೆಲ್ಲ ನೋ ಅಂತಲೇ ಒತ್ಕೊಂಡು ಹೋಗೋದು ಸಾರ್." ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ.

ನೀವು ಏಜೆಂಟ್ ಹತ್ತಿರವೇ ಮಾಡಿಸಿದರೂ ಸರಿ, ಸಬ್ಮಿಟ್ ಒತ್ತೋ ಮುಂಚೆ ರಿವ್ಯೂ ಪುಟಗಳನ್ನೆಲ್ಲ ಅರ್ಜಿದಾರರ ಪಕ್ಕ ಕೂತು ಓದಿ. ಐಡಿ, ಗುಟ್ಟಿನ ಉತ್ತರ ಎರಡನ್ನೂ ಬರೆದಿಟ್ಟುಕೊಳ್ಳಿ.

ಈ ಸಲ ನಾವೇ ತುಂಬಿದ್ದೇವೆ. ಪ್ರಿಂಟ್ ತೆಗೆದು ಕೊಟ್ಟರೆ ಅಪ್ಪ ಕೆಂಪು ಪೆನ್ ಹಿಡಿದು ಉತ್ತರಪತ್ರಿಕೆ ತಿದ್ದುವ ಹಾಗೆ ಕೂತರು. ನಿರಾಕರಣೆಯ ಪ್ರಶ್ನೆಗೆ 'ಯೆಸ್', ಜೊತೆಗೆ ಎರಡೂ ಸಲದ ವಿವರ. ಅಪಾಯಿಂಟ್‌ಮೆಂಟಿಗೆ ಕಾಯ್ತಿದ್ದೇವೆ. ಅಕ್ಕನ ಮಗುವಿಗೆ ಆಗಲೇ ಎರಡು ಹಲ್ಲು ಬಂದಿವೆ.